ಆಟೋದಲ್ಲಿಟ್ಟ ಮುಖ

ಸ್ವಂತ ದುಡಿಮೆಯಿಂದ ಮೇಲೆ ಬಂದ ಗಂಡಸರಿಗೆ ಒಂದು ಕಾಯಿಲೆ ಇರುತ್ತದೆ, ತಮ್ಮ ಮುಖವನ್ನು ನಾಲ್ಕು ಜನ ನೋಡಲಿ ಎನ್ನುವುದು. ನನಗೂ ಇದೆ, ಒಪ್ಪಿಕೊಳ್ಳುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕೆಲಸ ಕಲಿತು, ನ್ಯಾಮತಿಯಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಎಬ್ಬಿಸುವುದು ನನ್ನ ಕಸುಬು. ಅಂಗಡಿಯ ಮೇಲೆ ಬೋರ್ಡು, ಬೋರ್ಡಿನ ತುಂಬ ಕೋಟು ಹಾಕಿಕೊಂಡ ನಾನು. ಕೋಟು ಸ್ಟುಡಿಯೋದವನದು, ಮುಖ ಮಾತ್ರ ನನ್ನದೇ.

ನನ್ನಲ್ಲಿಗೆ ಬರುವ ಮೋಟಾರುಗಳು ಸುಡುವುದು ಬಹುಪಾಲು ‘ಆಟೋ’ ಕೃಪೆಯಿಂದ. ಪಂಪಿಗೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು ಎಂದು ರೈತರು ಸ್ಟಾರ್ಟರನ್ನು ಆಟೋದಲ್ಲಿಟ್ಟು ಮನೆಗೆ ಹೋಗಿಬಿಡುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟಾರ್ ತಾನಾಗಿ ಓಡುತ್ತದೆ. ಗದ್ದೆ ತುಂಬಿದೆಯೋ, ಬಾವಿ ಬತ್ತಿದೆಯೋ ಅದಕ್ಕೇನು ಗೊತ್ತು? “ಆಟೋ ತೆಗೀರಪ್ಪ, ನೀರೂ ದಂಡ, ಕರೆಂಟೂ ದಂಡ” ಎಂದು ಬೈಯುವವನೂ ನಾನೇ, ಸುಟ್ಟ ಮೇಲೆ ಸುತ್ತಿಕೊಡುವವನೂ ನಾನೇ.

ನನ್ನ ತಾಪತ್ರಯ ಬೇರೆ. ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ಕೈಯಲ್ಲಿರುವಾಗ ನಾನು ಫೋನ್ ಎತ್ತುವುದಿಲ್ಲ. ವಾರ್ನಿಷ್ ದಿನವಿಡೀ ಇರುತ್ತದೆ. ಹೀಗಾಗಿ ಮೋಟಾರ್ ಆಯಿತೋ ಇಲ್ಲವೋ ಕೇಳಲು ಗಿರಾಕಿಗಳು ಬಸ್ಸು ಹತ್ತಿಯೇ ಬರಬೇಕು. ಸೂಳೆಕೆರೆ ಪಕ್ಕದ ಬಸವಣ್ಯಪ್ಪ, ನನ್ನ ಅಂಗಡಿಯ ಮೊಟ್ಟಮೊದಲ ಗಿರಾಕಿ, ಎರಡು ಬಸ್ಸು ಬದಲಿಸಿ ಬಂದು ಎರಡು ಸಲ ಬರಿಗೈಯಲ್ಲಿ ವಾಪಸ್ಸಾದ. “ಪರಮೇಶಿ, ಇನ್ನೊಂದು ಸಲ ಹಿಂಗೆ ಆದ್ರೆ ಚನ್ನಗಿರಿಯಾಗೇ ಕೊಡ್ತೀನಿ ನೋಡು” ಎಂದ. ಮೊದಲ ಗಿರಾಕಿ ಕೈಬಿಟ್ಟರೆ ಅಂಗಡಿಗೆ ಉಳಿಯುವ ಮರ್ಯಾದೆ ಏನು?

ಸವಳಂಗದ ಮನೆಯಲ್ಲೇ ಕೂತು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಅಕ್ಕನ ಮಗಳು ಶೈಲಾ ನೆನಪಾದಳು. ಮೋಟಾರ್ ಆಗಿದೆಯೇ ಎಂದು ಗಿರಾಕಿಗಳು ಫೋನಿನಲ್ಲೇ ನೋಡಿಕೊಳ್ಳುವಂಥದ್ದೊಂದು ಮಾಡಿಕೊಡು ಎಂದೆ. ಹತ್ತು ನಿಮಿಷದ ಕೆಲಸ ಎಂದಳು. ನಾನು ಬಿಡಬೇಕಲ್ಲ! ತೆರೆದ ಕೂಡಲೇ ಪರದೆ ತುಂಬ ನನ್ನ ಫೋಟೋ ಬರಬೇಕು, ಮೇಲಿಂದ ಹೂ ಉದುರಬೇಕು, ನಾನು ಕೈಮುಗಿಯುವ ವಿಡಿಯೋ ಓಡಬೇಕು, ಮೋಟಾರ್ ಆಯಿತೋ ಇಲ್ಲವೋ ಎಂಬ ಸುದ್ದಿ ಸೆಕೆಂಡಿಗೊಮ್ಮೆ ಹೊಸದಾಗಬೇಕು ಎಂದೆ.

“ಮಾವ, ಭಾರ ಆಗ್ತೈತೆ.”

“ಹೊರೋದು ಫೋನ್ ತಾನೇ? ನೀನು ಯಾಕೆ ಬೆವರ್ತೀಯವ್ವ?”

ಹಿರಿಯ ಎಂದು ಸುಮ್ಮನೆ ಮಾಡಿಕೊಟ್ಟಳು. ಬಸವಣ್ಯಪ್ಪ ಬಸ್ ನಿಲ್ದಾಣದಲ್ಲಿ ನಿಂತು ತನ್ನ ಹಳೇ ಫೋನಿನಲ್ಲಿ ಅದನ್ನು ತೆರೆದಿದ್ದಾನೆ. ಗುಂಡಗಿನ ಚಕ್ರ ತಿರುಗಿದೆ, ತಿರುಗಿದೆ, ಫೋನ್ ಬಿಸಿಯಾಗಿದೆ, ನನ್ನ ಫೋಟೋ ಹಣೆಯವರೆಗೆ ಮೂಡುವಷ್ಟರಲ್ಲಿ ಬ್ಯಾಟರಿ ಮುಗಿದಿದೆ. ಗೊತ್ತಾಗದೆ ಬಸ್ಸು ಹತ್ತಿ ಬಂದ. ಮೋಟಾರ್ ಆಗಿರಲಿಲ್ಲ. “ನಿನ್ನ ಮಕ ನೋಡಾಕೆ ಹೋಗಿ ನನ್ನ ಫೋನ್ ಸತ್ತೋತಲ್ಲೋ! ಇದೇ ಕಡೇ ಸಲ” ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿ ಹೋದ.

ಮರುದಿನವೇ ಸವಳಂಗಕ್ಕೆ ಓಡಿದೆ. ಶೈಲಾ ನಗಲಿಲ್ಲ, ಅದೇ ಅವಳ ದೊಡ್ಡತನ. “ಮಾವ, ಒಂದು ಮೋಟಾರ್ ಸುತ್ತಾಕೆ ನಿಮಗೆ ಎರಡು ದಿನ ಬೇಕು. ಗಿರಾಕಿ ಫೋನನ್ನ ಆಯ್ತಾ, ಆಯ್ತಾ ಅಂತ ಸೆಕೆಂಡಿಗೊಂದು ಸಲ ಕೇಳಾಕೆ ಹಚ್ಚಿದ್ದೀರಿ. ಇದು ಆಟೋ ಅಲ್ದೆ ಇನ್ನೇನು ಹೇಳ್ರಿ?” ಎಂದಳು. ನಾವು ಫೋನಿನಲ್ಲಿ ಇಂಥದ್ದು ತೆರೆದರೆ ಎಲ್ಲೋ ದೂರದ ಕಟ್ಟಡದಲ್ಲಿ ಸಾಲು ಸಾಲು ಕಂಪ್ಯೂಟರ್ ಓಡುತ್ತವಂತೆ, ಅವನ್ನು ತಣ್ಣಗಿಡಲು ಮತ್ತೆ ಕರೆಂಟು, ನೀರು. “ನಿಮ್ಮ ವಿಡಿಯೋ ತೆರೆದಾಗೆಲ್ಲ ಎಲ್ಲೋ ಒಂಚೂರು ಕಲ್ಲಿದ್ದಲು ಉರೀತೈತೆ” ಎಂದಳು. ನನ್ನ ಮುಖಕ್ಕಾಗಿ ಕಲ್ಲಿದ್ದಲು ಉರಿಯುತ್ತದೆಂದು ಮೊದಲು ಸ್ವಲ್ಪ ಹೆಮ್ಮೆಯೇ ಆಯಿತು, ನಾಚಿಕೆ ಆಮೇಲೆ ಬಂತು.

ಅವತ್ತು ಅವಳ ಕೆಲಸವನ್ನು ಪಕ್ಕದಲ್ಲೇ ಕೂತು ನೋಡಿದೆ. ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚು. ಪ್ರತಿ ಸಾಲಿಗೂ “ಇದು ಯಾರಿಗೆ ಬೇಕು?” ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಹೂ ಹೋಯಿತು, ವಿಡಿಯೋ ಹೋಯಿತು, ಕೊನೆಗೆ ನಾನೂ ಹೋದೆ. ಪರೀಕ್ಷೆಗೆಂದು ಗಾಜು ಬಿರುಕು ಬಿಟ್ಟ ಹಳೇ ಫೋನೊಂದನ್ನು ಇಟ್ಟುಕೊಂಡಿದ್ದಾಳೆ. “ಹೊಸಾ ಫೋನಿಗೆ ಅಂತಲೇ ಬರೆದ್ರೆ ಹಳೇದಿದ್ದೋರು ಅದನ್ನ ಎಸೀಬೇಕಾಗ್ತೈತೆ ಮಾವ. ಚೆನ್ನಾಗಿರೋದನ್ನ ಯಾಕೆ ಎಸೀಬೇಕು?” ಸತ್ತ ಮೋಟಾರ್ ಎಬ್ಬಿಸುವ ನನಗೆ ಈ ಮಾತು ನೆಟ್ಟಗೆ ಎದೆಗೆ ತಾಗಿತು. ಓದಿದ್ದಾಳೆ ಎಂದು ಇಷ್ಟು ದಿನ ಗೌರವವಿತ್ತು, ಅವತ್ತಿನಿಂದ ಇವಳೂ ನನ್ನ ಕಸುಬಿನವಳೇ ಎಂಬ ಅಭಿಮಾನ. ನಾನು ತಾಮ್ರ ಉಳಿಸುತ್ತೇನೆ, ಅವಳು ಕಣ್ಣಿಗೆ ಕಾಣದ್ದನ್ನು ಉಳಿಸುತ್ತಾಳೆ.

ಈಗ ಮೋಟಾರ್ ತಂದಾಗ ನಾನು ಬರೆದುಕೊಡುವ ಚೀಟಿಯ ನಂಬರ್ ಒತ್ತಿದರೆ ‘ಆಗಿದೆ’ ಅಥವಾ ‘ಆಗಿಲ್ಲ’, ಅಷ್ಟೆ. ಕೈ ಒರೆಸಿಕೊಂಡು, ಬಸವಣ್ಯಪ್ಪನಿಗೆ ನಾನೇ ಫೋನ್ ಮಾಡಿ, ಇನ್ನೊಂದು ಸಲ ನೋಡು ಎಂದು ಬೇಡಿಕೊಂಡೆ. ಕೆರೆ ಏರಿಯ ಮೇಲೆ, ಸಿಗ್ನಲ್ಲಿನ ಒಂದೇ ಕಡ್ಡಿಯಲ್ಲಿ, ‘ಆಗಿದೆ’ ನೋಡಿಕೊಂಡು ಬಂದ. “ನಿನ್ನ ಮಕ ತೆಗೆದಿದ್ದೇ ತಡ, ಪಟ್ಟಂತ ತೆರೀತು ನೋಡು!” ಚನ್ನಗಿರಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೋಟಾರನ್ನು ಚೀಲಕ್ಕೆ ತುಂಬುತ್ತ ಅವನಿಗೂ ಅಲ್ಲಿದ್ದ ಮೂವರಿಗೂ ಭಾಷಣ ಶುರುಮಾಡಿದೆ. ಮೋಟಾರಾಗಲಿ ಫೋನಾಗಲಿ ಸುಮ್ಮಸುಮ್ಮನೆ ಬಿಸಿಯಾದರೆ ಎಲ್ಲೋ ಏನೋ ದಂಡ ಹೋಗುತ್ತಿದೆ ಎಂದರ್ಥ, ಪ್ರೋಗ್ರಾಂ ಬರೆಯುವವರೂ ಕೈಯಿಟ್ಟು ನೋಡಬೇಕು, ನಮ್ಮ ಶೈಲಾ ನೋಡುತ್ತಾಳೆ, ಹಾಗೆ ಹೀಗೆ. ಬಸವಣ್ಯಪ್ಪ ನನ್ನನ್ನು ಬಿಟ್ಟು ತಲೆಯೆತ್ತಿ ಬೋರ್ಡನ್ನೇ ನೋಡುತ್ತಿದ್ದ. ಸುಡುಬಿಸಿಲಿನಲ್ಲಿ ನನ್ನ ಫೋಟೋದ ಸುತ್ತ ಕೆಂಪು, ಹಸಿರು, ಹಳದಿ ದೀಪಗಳು ಓಡುತ್ತಿದ್ದವು.

“ಪರಮೇಶಿ, ನೀನೂ ಆಟೋದಾಗೇ ಇದ್ದೀಯೇನೋ?”

ಒಳಗೆ ಓಡಿದೆ. ಬೋರ್ಡು ಹಾಕಿಸಿದ ದಿನದಿಂದ ಮುಟ್ಟದ ಸ್ವಿಚ್ ಎಲ್ಲಿದೆ ಎಂಬುದೇ ಮರೆತಿತ್ತು. ವಾರ್ನಿಷ್ ಡಬ್ಬಿಗಳ ಹಿಂದೆ ಸಿಕ್ಕಿತು. ಆರಿಸಿ ಹೊರಗೆ ಬಂದು ನೋಡಿದೆ. ಬಿಸಿಲಿಗೆ ಮುಖ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತಿತ್ತು. ಕೋಟಿನ ಬಣ್ಣ ಮಾಸಿದೆ, ಅದು ನನ್ನದಲ್ಲ ಬಿಡಿ.