ಏಕಾಂಗಿಯ ಅಂಗಿ

ಪೊಲೀಸ್ ಕಾರ್ಯಾಚರಣೆಯಾಗಿ ವರ್ಷ ಕಳೆದಿತ್ತು. ಸೈನ್ಯ ಬಂದು ವಾರದೊಳಗೆ ನಿಜಾಮರ ದರ್ಬಾರನ್ನೇ ಮುಗಿಸಿತು. ಭಾಲ್ಕಿಯ ನಮ್ಮ ಮನೆಯಲ್ಲಿ ಹಾವಗೆಪ್ಪಣ್ಣನ ದರ್ಬಾರು ಮಾತ್ರ ಕೂದಲೂ ಕೊಂಕದೆ ಉಳಿಯಿತು! ಪ್ರತಿ ದೀಪಾವಳಿಗೆ ಅಣ್ಣ ಒಂದು ತಾನು, ಅಂದರೆ ಇಡೀ ಸುರುಳಿ ಬಟ್ಟೆ ತರುತ್ತಾನೆ. ಅಜ್ಜನಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರಿಗೂ ಅದರದೇ ಅಂಗಿ, ಉಳಿದದ್ದರಲ್ಲಿ ದಿಂಬಿನ ಚೀಲ. (ಒಮ್ಮೆ ನನ್ನಾಕೆ ಹಾಸಿಗೆ ಝಾಡಿಸುವಾಗ ದಿಂಬೆಂದು ತಿಳಿದು ಮಲಗಿದ್ದ ನನಗೇ ನಾಲ್ಕು ಬಾರಿಸಿದ್ದಳು.)

ನಾನು ಸಾಲೆ ಮಾಸ್ತರ. ಬಿಡುಗಡೆಯ ಹುರುಪಿನಲ್ಲಿ ಮುಂದಿನ ಶತಮಾನದ ಒಂದು ಭಯಂಕರ ಕಥೆ ಬರೆದೆ. ಅದರೊಳಗಿನ ನಗರದಲ್ಲಿ ಎಲ್ಲರೂ ಒಂದೇ ಬಗೆಯ ಅಂಗಿ ತೊಟ್ಟು, 'ಸಮಷ್ಟಿಯೇ ಸತ್ಯ, ವ್ಯಷ್ಟಿ ಮಿಥ್ಯೆ' ಎಂದು ಕೂಗಬೇಕು. ಕೊನೆಗೆ ಏಕಾಂಗಿ ಎಂಬ ವೀರ ಎದ್ದು 'ನಾನೊಬ್ಬನೇ!' ಎಂದು ಗರ್ಜಿಸುತ್ತಾನೆ. ಹಬ್ಬದ ಮರುವಾರ ಊರ ವಾಚನಾಲಯದಲ್ಲಿ ಅದನ್ನು ಓದುವುದೆಂದು ಗೊತ್ತಾಯಿತು. ದಿಂಬಿನ ಬಟ್ಟೆ ತೊಟ್ಟು ಸ್ವಾತಂತ್ರ್ಯ ಸಾರಲೇ? ಜೀವ ಹೋದರೂ ಇಲ್ಲ!

"ಅಣ್ಣಾ, ಈ ಹಸಿರು ಪಟ್ಟಿ ಅಂಗಿ ನಾ ಹಾಕ್ಕೊಳ್ಳಲ್ಲರಿ," ಎಂದೆ.

"ಯಾಕ, ಕಚ್ತದೇನು?"

"ಇದು ವ್ಯಷ್ಟಿ ಪ್ರಶ್ನಿ ಅದರಿ. ವ್ಯಷ್ಟಿ ಅಂದ್ರ ಒಬ್ಬಾತ. ಸಮಷ್ಟಿ ಅಂದ್ರ ಎಲ್ಲಾರು."

"ಎಲ್ಲಾರಿಗಿ ತಂದೀನಿ ಅಂದಮ್ಯಾಲ ಆ ಒಬ್ಬಾತಗೂ ಬಂತಲ್ಲೋ! ಮಾಸ್ತರಕಿ ಮಾಡ್ತಿ, ಇಷ್ಟು ಲೆಕ್ಕ ಬರಲ್ಲ?"

ನಾನು ಬಗ್ಗಲಿಲ್ಲ. ಬೀದರಿಗೆ ಹೋಗಿ ಹಳದಿ ಚೌಕಳಿ ಬಟ್ಟೆ ತಂದು ಅಂಗಿ ಹೊಲಿಸಿದೆ. ಭಾಲ್ಕಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. (ನಮ್ಮ ಕನ್ನಡಿಯೂ ಸ್ವಲ್ಪ ಹಿಂಜರಿಯಿತು.) ಅದನ್ನು ಕಂಡು ಹೆಂಡತಿ ಶಿವಕಾಂತಾ ಅಳಲು ಶುರುಮಾಡಿದಳು.

"ಏನ್ ಮಾಡ್ಲತ್ತೀರಿ ನೀವು? ಬ್ಯಾರಿ ಬಟ್ಟಿ ತೊಟ್ರ ಮಂದಿ ಏನಂತಾರ? ಅಣ್ಣತಮ್ಮರು ಬ್ಯಾರಿ ಆದ್ರು, ಮನಿ ಒಡೀತು ಅಂತಾರ. ಒಡೆದಾಕಿ ಶಿವಕಾಂತಾನೇ ಅಂತ ನನ್ನ ಹೆಸರಿಗಿ ಹಚ್ತಾರ!"

"ಅನ್ಲಿ! ನಾ ಒಬ್ಬನೇ ನಿಲ್ತೀನಿ!"

"ನಿಲ್ಲಾಕ ನಾ ಬಿಟ್ರಲ್ಲ!" ಎಂದವಳೇ ಮಿಕ್ಕ ಬಟ್ಟೆಯ ತುಂಡು ಹಿಡಿದುಕೊಂಡು ಅಣ್ಣನ ಹೆಂಡತಿ ಗುರಮ್ಮನ ಬಳಿ ನಡೆದಳು. ಮರುದಿನ ಅಣ್ಣ ಹಸಿರು ಅಂಗಿಯ ಮಾತು ಬಿಟ್ಟು ಬೀದರಿಗೆ ಹೋಗಿ ಬಂದ. ಸೋಲೊಪ್ಪಿದ ಎಂದುಕೊಂಡು ನಾನು ಮೀಸೆ ತಿರುವಿದೆ.

ಓದಿನ ಸಂಜೆ ವಾಚನಾಲಯ ಕಿಕ್ಕಿರಿದಿತ್ತು. ನಾನು ಕಣ್ಣು ಕಾಗದಕ್ಕೆ ನೆಟ್ಟು ಓದುತ್ತ ಹೋದೆ. ಕೊನೆಗೆ ಎದೆಯುಬ್ಬಿಸಿ "ನಾನೊಬ್ಬನೇ!" ಎಂದು ಗರ್ಜಿಸಿ ತಲೆ ಎತ್ತಿದರೆ, ಮುಂದಿನ ಸಾಲಿನಲ್ಲಿ ನಮ್ಮ ಇಡೀ ಮನೆ ಎದ್ದು ನಿಂತಿದೆ. ಅಜ್ಜ, ಅಣ್ಣ, ಅವನ ಮಕ್ಕಳು, ಎಲ್ಲರಿಗೂ ಹಳದಿ ಚೌಕಳಿ ಅಂಗಿ. ಹೆಂಗಸರ ಸಾಲಿನಲ್ಲಿ ಅದೇ ಬಟ್ಟೆಯ ಕುಪ್ಪಸ ತೊಟ್ಟ ಶಿವಕಾಂತಾ ನಗುತ್ತಿದ್ದಾಳೆ!

"ನಮ್ಮ ತಮ್ಮ ಒಬ್ಬನೇ ಇಲ್ಲರಿ!" ಅಣ್ಣ ಸಭೆಗೆ ಕೈಮುಗಿದ. "ಮನಿ ಒಡದಿಲ್ಲ. ಅವನ ಅಂಗಿ ನೋಡ್ರಿ, ನಮ್ಮ ಅಂಗಿ ನೋಡ್ರಿ. ಎಲ್ಲಾ ಒಂದೇ ತಾನ್!"

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ಛಲ ಬಿಡದೆ ಉಳಿದೆರಡು ಸಾಲುಗಳನ್ನು ಗಂಟಲು ಹರಿಯುವಂತೆ ಓದಿ ಮುಗಿಸಿದೆ. ಪ್ರಶ್ನೆಗಳಿದ್ದರೆ ಕೇಳಿರೆಂದು ಅಧ್ಯಕ್ಷ ಶಿವರಾಜಪ್ಪನವರು ಹೇಳಿದರು. ಮೊದಲ ಪ್ರಶ್ನೆಯನ್ನು ಅವರೇ ಕೆಮ್ಮಿ ಕೇಳಿದರು:

"ಮಾಸ್ತರ್, ನಮ್ಮನ್ಯಾಗೂ ಭಾಳ ಮಂದಿ ಇದ್ದೀವಿ. ಈ ಬಟ್ಟಿ ಯಾವ ದುಕಾನಿನಾಗ ಸಿಗ್ತದರಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರೆಲ್ಲ ಒಂದೇ ದನಿಯಲ್ಲಿ ಅಂಗಡಿಯ ಹೆಸರು ಹೇಳಿದರು.