ಗರುಡನ ಮುಖ ಹಿಡಿಯಲು ಹೋಗಿ

ಬೇರೆಯವರು ಕ್ಯಾಮೆರಾ ಹಿಡಿದು ಹೋದರೆ ಹಕ್ಕಿ ಸಿಗುತ್ತದೆ, ನನಗೆ ಜನ ಸಿಗುತ್ತಾರೆ. ತುಮಕೂರಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ತೊಂಬತ್ತರ ದಶಕದಲ್ಲಿ ಹಿಡಿದ ಹುಚ್ಚು ಒಂದೇ. ಗರುಡನ ಮುಖವನ್ನು ಚೌಕಟ್ಟು ತುಂಬ, ಹತ್ತಿರದಿಂದ ತೆಗೆಯಬೇಕು, ಬೆಂಗಳೂರಿನ ಫೋಟೋ ಪ್ರದರ್ಶನಕ್ಕೆ ಕಳಿಸಬೇಕು. ಅಲ್ಲಿನ ಗೋಡೆಯ ಮೇಲೆ ಒಂದು ಸಲ ನೇತುಬಿದ್ದರೆ ಜನ್ಮ ಸಾರ್ಥಕ. ಪ್ರತಿ ಭಾನುವಾರ ಬೆಳಿಗ್ಗೆ ಹೊರಡುತ್ತಿದ್ದೆ, ಪ್ರತಿ ಭಾನುವಾರ ಸಂಜೆ ಕ್ಯಾಮೆರಾ ಮಾರಿಬಿಡೋಣ ಅನ್ನಿಸುತ್ತಿತ್ತು.

ಕುಣಿಗಲ್ ಕೆರೆ

ಏರಿಯ ಕೆಳಗೆ ಕೆಸರಲ್ಲಿ ಹೊಟ್ಟೆ ಎಳೆದುಕೊಂಡು ಹೋಗಿ, ಒಣಮರದ ಮೇಲೆ ಕೂತಿದ್ದ ಗರುಡನಿಗೆ ಫೋಕಸ್ ಮಾಡಿದ್ದೆ. ಏರಿ ಮೇಲೆ ಬರುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ, "ಕೃಷ್ಣಾ, ಕೃಷ್ಣಾ" ಎಂದು ಕೂಗಿ ಪಟಪಟ ಕೆನ್ನೆ ಬಡಿದುಕೊಂಡ. ಗರುಡ ಹಾರಿತು. ನನಗೆ ಅಳುವೇ ಬಂತು.

"ಯಾಕ್ರೀ ಓಡಿಸಿದ್ರಿ?"

"ನಾನೆಲ್ಲಿ ಓಡ್ಸಿದೆ ಸಾ? ಕೈ ಮುಗ್ದೆ. ನೀವೇನು, ಗರುಡ ಎದುರಿಗವ್ನೆ, ಎದ್ದು ನಿಂತ್ಕೊಳ್ದೆ ಮಲಗೇ ಇದೀರಲ್ಲ!"

ಚೇಳೂರಿನ ಹುಲ್ಲು

ಇನ್ನು ಯಾರಿಗೂ ಕಾಣಬಾರದು ಎಂದು ಚೇಳೂರಿನ ಹತ್ತಿರ ಒಬ್ಬರ ತೋಟದಲ್ಲಿ ಗರುಡನ ಗೂಡಿನ ಎದುರು ಅಡಗಿ ಕೂರಲು ಮರೆ ಕಟ್ಟಿದೆ. ಹಸಿ ಸೊಪ್ಪು ಬೇಗ ಬಾಡುತ್ತದೆಂದು ರಾಗಿಹುಲ್ಲಿನಲ್ಲೇ ಕಟ್ಟಿದೆ. ಅದೇ ನನ್ನ ಬುದ್ಧಿವಂತಿಕೆ. ಒಳಗೆ ಉಸಿರು ಬಿಗಿಹಿಡಿದು ಕೂತಿದ್ದಾಗ ಬಲಗಡೆ ಗೋಡೆ ಮಾಯವಾಗಿ ಅಲ್ಲೊಂದು ಹಸುವಿನ ಮೂತಿ ಕಾಣಿಸಿತು. ಹಚಾ ಹಚಾ ಅಂದೆ. ಅದು ಚಾವಣಿಗೂ ಬಾಯಿ ಹಾಕಿತು. ಗದ್ದಲಕ್ಕೆ ಗರುಡ ಊರು ಬಿಟ್ಟಿತು. ತೋಟದ ಯಜಮಾನರು ಓಡಿಬಂದರು.

"ನಿಮ್ಮ ಹಸು ನೋಡ್ರೀ!" ಅಂದೆ.

"ಹುಲ್ಲೊಳಗೆ ಹೋಗಿ ಕೂತವ್ರು ನೀವು. ಹಸೂನ ಬಯ್ದ್ರೆ ಅದೇನ್ ಮಾಡ್ತದೆ ಬುಡಿ ಸಾ."

ದೇವರಾಯನದುರ್ಗ

ಬೆಟ್ಟದ ಬಂಡೆ ಮೇಲೆ ಉದ್ದನೆಯ ಲೆನ್ಸ್ ಇಟ್ಟುಕೊಂಡು ಕಾಯುತ್ತಿದ್ದೆ. ದರ್ಶನ ಮುಗಿಸಿ ಬಂದ ಕುಟುಂಬವೊಂದು ಸುತ್ತುವರಿಯಿತು. "ನಮ್ದೂ ಒಂದು ತೆಗೀರಿ, ಇಷ್ಟು ದೊಡ್ಡ ಕ್ಯಾಮೆರಾದಾಗೆ ಎಲ್ಲಾರೂ ಬರ್ತೀವಿ." ಆ ಲೆನ್ಸಿನಲ್ಲಿ ಅಜ್ಜಿಯ ಮೂಗೊಂದೇ ಕಾಣುತ್ತಿತ್ತು. ಎಲ್ಲರೂ ಹಿಡಿಸಲಿ ಎಂದು ಹಿಂದೆ ಹಿಂದೆ ಸರಿದು ರಸ್ತೆ ತಿರುವಿನವರೆಗೂ ಹೋದೆ. ಅಷ್ಟರಲ್ಲಿ ಗರುಡ ಬಂದು ನಾನು ಬಿಟ್ಟುಹೋದ ಬಂಡೆಯ ಪಕ್ಕದಲ್ಲೇ ಕೂತಿತು. ಅಜ್ಜಿ ನನ್ನತ್ತ ಕೈ ಬೀಸಿ ಕೂಗಿದರು, "ಅಲ್ಲಿಗೆ ಯಾಕಪ್ಪ ಓಡೋದೆ? ಪಕ್ಸಿ ಇಲ್ಲೇ ಬಂದದೆ, ಬಾ!"

ಉಪ್ಪಾರಹಳ್ಳಿಯ ನಮ್ಮ ಮನೆ

ಆಸೆ ಬಿಟ್ಟು ಮನೆಯಲ್ಲಿ ಕೂತ ಒಂದು ಭಾನುವಾರ ಗರುಡ ತಾನೇ ಬಂತು. ಅಷ್ಟರಲ್ಲಿ ಹೊಸ ಶತಮಾನ ಬಂದಾಗಿತ್ತು. ತಾರಸಿಯಲ್ಲಿ ಅಮ್ಮ ಹರವಿದ್ದ ಸಂಡಿಗೆಯ ಪಕ್ಕ, ನೀರಿನ ತೊಟ್ಟಿಯ ಮೇಲೆ ಕೂತು ನೇರವಾಗಿ ನನ್ನನ್ನೇ ನೋಡಿತು. ಕ್ಲಿಕ್! ಕೊಕ್ಕು, ಕಣ್ಣು, ಕತ್ತಿನ ಬಿಳಿ ಗರಿ, ಚೌಕಟ್ಟು ತುಂಬ ಮುಖ. ಆ ದಿನ ನಾನು ಊಟ ಮಾಡಿದ ನೆನಪಿಲ್ಲ.

ಪ್ರದರ್ಶನಕ್ಕೆ ಕಳಿಸುವ ಕೊನೆಯ ದಿನ ಹತ್ತಿರವಿತ್ತು. ಆಫೀಸಿನಲ್ಲಿ ರಜೆ ಸಿಗದೆ, ದೊಡ್ಡದು ಮಾಡಿ ನೀವೇ ಕೊರಿಯರ್‌ಗೆ ಹಾಕಿಬಿಡಿ ಎಂದು ಲ್ಯಾಬಿನವರಿಗೆ ವಿಳಾಸ ಕೊಟ್ಟೆ. ಕೆಲವು ವಾರಗಳ ಮೇಲೆ ಫೋಟೋ ತಿರಸ್ಕೃತವಾಗಿ ಮನೆಗೆ ಬಂತು. ಬಿಚ್ಚಿ ನೋಡಿ ಕಣ್ಣು ಕತ್ತಲೆ ಬಂತು. ಹಿಂದೆ ಹಿಮದ ಬೆಟ್ಟ, ನಡುವೆ ಶಂಖಚಕ್ರ ಹಿಡಿದ ಮಹಾವಿಷ್ಣು, ಅವನ ಪಾದದ ಬಳಿ ನಿಂಬೆಹಣ್ಣಿನಷ್ಟು ನನ್ನ ಗರುಡ!

ಲ್ಯಾಬಿಗೆ ಓಡಿದೆ. ಮಾಲೀಕ ನಗುನಗುತ್ತ ಎದ್ದು ನಿಂತ. "ಬರೀ ಗರುಡ ಇದ್ದ ಸಾರ್, ಸ್ವಾಮಿ ಇಲ್ದೆ ಭಣಭಣ ಅಂತಿತ್ತು. ಕಂಪ್ಯೂಟರ್‌ನಲ್ಲಿ ನಾನೇ ಕೂರ್ಸಿದೆ. ಜಾಗ ಸಾಲ್ಲಿಲ್ಲ, ಅದಕ್ಕೆ ಗರುಡನ್ನ ಒಂಚೂರು ಚಿಕ್ಕದು ಮಾಡ್ದೆ."

ತಲೆ ಮೇಲೆ ಕೈ ಹೊತ್ತು ಮನೆಗೆ ಬಂದರೆ, ಅಮ್ಮ ಆ ಫೋಟೋಗೆ ಕಟ್ಟು ಹಾಕಿಸಲು ಹೇಳಿ, ದೇವರ ಮನೆಯಲ್ಲಿ ಮೊಳೆ ಹೊಡೆಸುತ್ತಿದ್ದಳು.

"ಇಷ್ಟು ವರ್ಷಕ್ಕೆ ನೆಟ್ಟಗಿರೋ ಫೋಟೋ ಒಂದು ತೆಗ್ದೆ ಕಣೋ," ಅಂದಳು. "ಆ ಗರುಡನ್ನ ಇನ್ನೊಂಚೂರು ದೂರದಿಂದ ತೆಗೆದಿದ್ರೆ ಸ್ವಾಮಿ ಇನ್ನೂ ಚೆನ್ನಾಗಿ ಕಾಣ್ತಿದ್ದ."