ಪಂಜರ ಮುಚ್ಚಿದ ಪ್ರಸಂಗ

ಬೀದಿಯವರೆಲ್ಲ ಅವರನ್ನು ನಿಘಂಟಪ್ಪ ಅನ್ನುತ್ತಿದ್ದರು. ಕೆಲಸ ನಿಘಂಟಿನ ಕಚೇರಿಯಲ್ಲಿ. ದಿನಕ್ಕೊಬ್ಬರ ಮಾತನ್ನಾದರೂ ತಿದ್ದದಿದ್ದರೆ ಉಂಡದ್ದು ಅರಗದು. ಆ ದಿನ ಮನೆಯಲ್ಲೇ ಕೂತು, ‘ಮುಚ್ಚು’ ಎಂಬ ಕ್ರಿಯಾಪದಕ್ಕೊಂದು ಗತಿ ಕಾಣಿಸಿಯೇ ಏಳುವುದೆಂದು ಪಣ ತೊಟ್ಟಿದ್ದರು.

“ಬಾಗಿಲು ಹಾಕಬೇಕು, ಪಾತ್ರೆ ಮುಚ್ಚಬೇಕು. ಎಲ್ಲದಕ್ಕೂ ಮುಚ್ಚು ಮುಚ್ಚು ಅಂತ ಈ ಜನ ಭಾಷೆಯನ್ನೇ ಮುಚ್ಚಿಹಾಕಿದ್ದಾರೆ!”

“ಮೊದಲು ಆ ಹಾಲಿನ ಪಾತ್ರೆ ಮುಚ್ಚಿ,” ಎಂದಳು ಹೆಂಡತಿ.

ಅಷ್ಟರಲ್ಲಿ ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೊರಟರು. ಹೊರಗೆ ಆಟೋ ಬಡಕೊಳ್ಳುತ್ತಿತ್ತು. “ಗಿಣಿಗೆ ಕಾಳು ಹಾಕಿದ್ದೀನಿ, ಪಂಜರ ಮುಚ್ಚಿಬಿಡಿ ಅಳಿಯಂದಿರೇ,” ಎಂದು ಕೂಗಿ ಹೋದರು. ಅದು ಮಾವ ಸಾಕಿದ ಗಿಣಿ. ಅವರು ತೀರಿಕೊಂಡ ಮೇಲೆ, ಅವರದೇ ದನಿಯಲ್ಲಿ “ಏನೇ, ಇಲ್ಲಿ ಬಾರೇ” ಎಂದು ಅತ್ತೆಯನ್ನು ಕರೆಯಲು ಉಳಿದಿದ್ದ ಜೀವ ಅದೊಂದೇ.

ನಿಘಂಟಪ್ಪ ಯೋಚಿಸಿದರು. ಅತ್ತೆ ‘ಬಾಗಿಲು’ ಅನ್ನಲಿಲ್ಲ, ‘ಪಂಜರ’ ಅಂದರು. ‘ಹಾಕಿ’ ಅನ್ನಲಿಲ್ಲ, ‘ಮುಚ್ಚಿ’ ಅಂದರು. ಇನ್ನೇನು ಅನುಮಾನ? ಮೇಜಿನ ಬಟ್ಟೆ ತಂದು ಪಂಜರಕ್ಕೆ ನೀಟಾಗಿ ಹೊದಿಸಿದರು. ಪಂಜರದ ಬಾಗಿಲು ಹಾರುಹೊಡೆದದ್ದು ಕಣ್ಣಿಗೆ ಬಿತ್ತು, ಆದರೆ ಅದರ ಬಗ್ಗೆ ಅಪ್ಪಣೆ ಆಗಿರಲಿಲ್ಲವಲ್ಲ.

ಸ್ವಲ್ಪ ಹೊತ್ತಿಗೆ ಹೆಂಡತಿ ಬಟ್ಟೆ ಎತ್ತಿದಳು. “ರೀ, ಗಿಣಿ ಎಲ್ಲಿ?”

“ಮುಚ್ಚಿದ್ದೀನಲ್ಲ.”

“ಬಾಗಿಲು?”

“ಹಾಕು ಅಂತ ಯಾರು ಹೇಳಿದ್ರು?”

ಹೆಂಡತಿ ಹಣೆ ಚಚ್ಚಿಕೊಂಡಳು. ನಿಘಂಟಪ್ಪ ಮಂಚದ ಕೆಳಗೆ ತೂರಿದರು, ಬೀದಿಗೆ ಓಡಿದರು, ಮರದ ಕಡೆ ಮುಖ ಮಾಡಿ “ಇಲ್ಲಿ ಬಾರೇ, ಬಾರೇ” ಎಂದು ಗೋಗರೆದರು. ಎದುರುಮನೆಯಾಕೆ ರಪ್ಪನೆ ಕಿಟಕಿ ಮುಚ್ಚಿಕೊಂಡಳು. ಆ ಪ್ರಯೋಗವನ್ನು ತಿದ್ದಲು ಇವರಿಗೆ ಧೈರ್ಯ ಬರಲಿಲ್ಲ.

ಒಳಗೆ ಬಂದು ಖಾಲಿ ಪಂಜರದ ಸುತ್ತ ಸುತ್ತಿದರು. ಅತ್ತೆಯ ಮುಖ ನೆನೆದು ಬಟ್ಟೆಯನ್ನು ಮತ್ತೆ ಪಂಜರಕ್ಕೆ ಹೊದಿಸಿದರು. “ಅತ್ತೆಗೆ ಹೇಳಬೇಡ ಕಣೇ. ಒಂದೆರಡು ದಿನ ವಿಷಯ ಮುಚ್ಚಿಡು.”

“ಹೇಗೆ ಮುಚ್ಚಿಡಲಿ? ಮೇಜಿನ ಬಟ್ಟೆ ಹೊದಿಸಲೋ, ಬಾಗಿಲು ಹಾಕಲೋ?”

“ಅತ್ತೆಗೆ ಹೇಳಬೇಡ ಕಣೇ!” ಮಧ್ಯಾಹ್ನವೆಲ್ಲ ಇದೇ ಜಪ.

ಸಂಜೆ ಅತ್ತೆ ಬಂದರು. ಬಾಯಿ ತುಂಬ ಹತ್ತಿ, ಮಾತಿಲ್ಲ. ಪಂಜರದ ಕಡೆ ಹುಬ್ಬು ಹಾರಿಸಿದರು.

“ಚೆನ್ನಾಗಿ ಮುಚ್ಚಿದ್ದೀನಿ ಅತ್ತೆ. ಗಿಣಿ ಮಲಗಿದೆ.”

ಆಗ ಕಪಾಟಿನ ಮೇಲೆ, ದಪ್ಪ ದಪ್ಪ ನಿಘಂಟುಗಳ ಹಿಂದೆ, ರೆಕ್ಕೆ ಪಟಪಟ ಅಂದಿತು. ಮಾವನ ದನಿ ಕೇಳಲೆಂದು ಅತ್ತೆ ಕತ್ತೆತ್ತಿದರು. ಕೇಳಿದ್ದು ಅಳಿಯನ ದನಿ:

“ಅತ್ತೆಗೆ ಹೇಳಬೇಡ ಕಣೇ. ಅತ್ತೆಗೆ ಹೇಳಬೇಡ ಕಣೇ.”

ಅತ್ತೆ ಬಟ್ಟೆ ಸರಿಸಿ ನೋಡಿದರು. ಅಳಿಯನನ್ನೂ ನೋಡಿದರು.

“ಅದು ಹಾಗಲ್ಲ ಅತ್ತೆ, ಈ ಕ್ರಿಯಾಪದಕ್ಕೆ ಮೂಲದಲ್ಲಿ...”

ಅತ್ತೆ ಬಾಯಿಂದ ಹತ್ತಿ ತೆಗೆದರು.

“ಮುಚ್ಚಿ,” ಎಂದರು.

ಯಾವುದನ್ನು ಎಂಬ ಕರ್ಮಪದವೇ ವಾಕ್ಯದಲ್ಲಿರಲಿಲ್ಲ. ಆದರೂ ನಿಘಂಟಪ್ಪನವರಿಗೆ ತಕ್ಷಣ ಅರ್ಥವಾಯಿತು.